ರಸ್ತೆ ಸೆಸ್ ಎಲ್ಲಿ ಹೋಗುತ್ತಿದೆ?

ಮಾನ್ಯರೇ,

ಪೆಟ್ರೋಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬಂದಿದೆ. 2024ರ ಜೂನ್ 15ರ ಶನಿವಾರ ಆದೇಶ, ತಕ್ಷಣ ಜಾರಿ. ಭಾನುವಾರ ಬೆಳಿಗ್ಗೆ ಬಂಕಿಗೆ ಹೋದರೆ ಲೀಟರಿಗೆ ಮೂರು ರೂಪಾಯಿ ಜಾಸ್ತಿ. ಯಾವ ತೆರಿಗೆ ಎಷ್ಟು ಅಂತ ಬಿಲ್ಲಿನಲ್ಲಿ ಒಂದಕ್ಷರ ಇಲ್ಲ. ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ, "ನಮಗೇನ್ ಗೊತ್ರೀ ಸರ್, ಬೆಂಗಳೂರಿಂದ ಬಂದದ" ಅಂದ. ಪಾಪ, ಅವನದೇನು ತಪ್ಪು?

ನಾನು ಔಷಧ ಅಂಗಡಿಗಳಿಗೆ ಸರಕು ಹಾಕುವವನು. ಶಹಾಬಾದ್, ಸೇಡಂ, ಆಳಂದ ಎಲ್ಲ ಬೈಕಿನ ಮೇಲೇ. ನನಗೆ ಸಿಗುವ ಪೆಟ್ರೋಲ್ ಭತ್ಯೆ ಹಳೇ ದರದ್ದು. ಬಸ್ಸಿಗೆ ಹೋಗೋಣ ಅಂದರೆ ಡಬ್ಬಿಗಳನ್ನು ಹೊತ್ತು ಎಷ್ಟು ಅಂಗಡಿ ಸುತ್ತಲಿ? ಇದೇ ವಾರ ಮಳೆನೀರು ತುಂಬಿದ ತಗ್ಗಿಗೆ ಗಾಡಿ ಇಳಿದು ಮುಂದಿನ ರಿಮ್ ಬೆಂಡಾಯಿತು. ಆ ಖರ್ಚೂ ನನ್ನದೇ.

ಈ ಏರಿಕೆಯಿಂದ ಬೆಂಗಳೂರಿನಲ್ಲಿ ಪೆಟ್ರೋಲ್ 102 ರೂಪಾಯಿ ದಾಟಿತು, ನಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಕೇಂದ್ರದ ಅಬಕಾರಿ ಸುಂಕ ಆಗ 19.90 ಇತ್ತು. ರಾಜ್ಯದ್ದು 23 ರೂಪಾಯಿಗೂ ಜಾಸ್ತಿ. ರಾಜ್ಯ ತನ್ನ ಪರ್ಸೆಂಟ್ ಹಾಕುವುದು ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ. ಅಂದರೆ ತೆರಿಗೆಗೂ ತೆರಿಗೆ ಕಟ್ಟುತ್ತಿದ್ದೇವೆ! ಕೇಂದ್ರದ 19.90ರೊಳಗೆ 5 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಇತ್ತು, ಅಂದರೆ ಆ ಕೆಲಸಕ್ಕೆಂದೇ ಹಾಕುವ ತೆರಿಗೆ. ರಾಜ್ಯಗಳಿಗೆ ಪಾಲು ಸಿಗುತ್ತಿದ್ದುದು 1.40ರ ಮೂಲ ಸುಂಕದಲ್ಲಿ ಮಾತ್ರ. ಇವರು ಅವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. 2017ರಲ್ಲಿ ಜಿಎಸ್‌ಟಿ ಬಂದಾಗ ಹೊರಗಿಟ್ಟ ಪೆಟ್ರೋಲ್ ಇನ್ನೂ ಹೊರಗೇ ಇದೆ. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ ಅಂತ ಸರ್ಕಾರದ ಸಮಜಾಯಿಷಿ ಬೇರೆ. ಪಕ್ಕದ ಮನೆಯವನಿಗೆ ಸಾಲ ಜಾಸ್ತಿ ಇದ್ದರೆ ನನ್ನ ಸಾಲ ತೀರುತ್ತದಾ?

ಡೀಸೆಲ್ಲನ್ನೂ ಬಿಟ್ಟಿಲ್ಲ, ಅದೂ ಬಿತ್ತನೆ ಹೊತ್ತಿನಲ್ಲಿ. ಹೆಸರು, ಉದ್ದು, ತೊಗರಿ ಬಿತ್ತುವವರು ಟ್ರ್ಯಾಕ್ಟರ್ ಬಾಡಿಗೆ ಎಲ್ಲಿಂದ ತರಬೇಕು? ಲೋಕಸಭೆ ಚುನಾವಣೆ ಮುಗಿಯುವ ತನಕ ಯಾಕೆ ಸುಮ್ನಿದ್ದರು?

ಸಾಹೇಬರಿಗೆ ಇದೆಲ್ಲ ತಿಳಿಯುವುದಿಲ್ಲ. ಸರ್ಕಾರಿ ಗಾಡಿ, ಸರ್ಕಾರಿ ಡೀಸೆಲ್. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮೇಲಾಯಿತು, ಆದರೂ ಕಲಬುರಗಿಗೆ ವರ್ಗವಾದರೆ ಶಿಕ್ಷೆ ಅಂದುಕೊಳ್ಳುವ ಅಧಿಕಾರಿಗಳೇ ಬರುತ್ತಾರೆ. ನಮ್ಮ ಓಣಿಯ ಚರಂಡಿಗಾಗಿ ಹೋದ ವರ್ಷ ಕೊಟ್ಟ ಅರ್ಜಿಗೆ ಇವತ್ತಿಗೂ ಉತ್ತರ ಇಲ್ಲ.

ಏರಿಸಿದ ಮೂರು ರೂಪಾಯಿ ಇಳಿಸಿ. ಆಗದಿದ್ದರೆ ಪ್ರತಿ ಬಂಕಿನಲ್ಲಿ ತೆರಿಗೆಯ ಲೆಕ್ಕ ಬರೆದ ಬೋರ್ಡ್ ಹಾಕಿಸಿ. ಅದೂ ಆಗದಿದ್ದರೆ ತಗ್ಗುಗಳನ್ನಾದರೂ ಮುಚ್ಚಿ. ಜನರ ಜೇಬಿಗೆ ಕೈ ಹಾಕುವಾಗ ಒಂದೇ ದಿನದಲ್ಲಿ ಆದೇಶ ಹೊರಡಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ನೊಂದ ಬೈಕ್ ಸವಾರ, ಬ್ರಹ್ಮಪುರ, ಕಲಬುರಗಿ