ಅಟ್ಟದ ಮೇಲಿನ 23 ಚಿತ್ರಗಳು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಲಾ ಶಿಬಿರವೊಂದರ ಫೋಟೊ ಬಂದಿತ್ತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಅತಿಥಿಗಳು, ಹಿಂದಿನ ಸಾಲಿನಲ್ಲಿ ಚಿತ್ರ ಬಿಡಿಸಿದ ಹುಡುಗ ಹುಡುಗಿಯರು. ಆ ಹಿಂದಿನ ಸಾಲಿನಲ್ಲಿ ಮೂವರ ಮುಖ ನನಗೆ ಗೊತ್ತು. ಮೂವರೂ ನನಗೆ ದುಡ್ಡು ಕೊಡಬೇಕು. ಅದನ್ನು ವಸೂಲಿ ಮಾಡಿಸಿಕೊಡಿ ಅಂತ ಈ ಪತ್ರ ಬರೆಯುತ್ತಿಲ್ಲ. ಅವರು ಯಾಕೆ ಕೊಡಲಾರರು ಅನ್ನುವುದನ್ನು ಹೇಳೋಣ ಅಂತ.

ನಾನು ದಾವಣಗೆರೆಯ ಹಳೇ ಪೇಟೆಯಲ್ಲಿ ಫ್ರೇಮ್ ಹಾಕುವವನು. ಅಪ್ಪನ ಕಾಲದ ಅಂಗಡಿ. ದೇವರ ಪಟ, ತೀರಿಕೊಂಡವರ ಫೋಟೊ, ಸನ್ಮಾನ ಪತ್ರ, ಇವೇ ನನ್ನ ಅನ್ನ. ಶ್ರಾವಣ ಬಂದರೆ ಲಕ್ಷ್ಮಿ, ಭಾದ್ರಪದಕ್ಕೆ ಗಣಪ. ಇವುಗಳ ನಡುವೆ ಆಗಾಗ ದೃಶ್ಯಕಲಾ ಕಾಲೇಜಿನ ಮಕ್ಕಳು ಕ್ಯಾನ್ವಾಸ್ ಸುತ್ತಿಕೊಂಡು ಬರುತ್ತಾರೆ. ಅರವತ್ತರ ದಶಕದಿಂದ ಈ ಊರಲ್ಲಿ ಚಿತ್ರ ಕಲಿಸುವ ಕಾಲೇಜಿದೆ. ಬೆಣ್ಣೆ ದೋಸೆ ತಿನ್ನಲು ಹೊರ ಊರಿನಿಂದ ಬಂದವರಿಗೆ ಅದು ಗೊತ್ತಿರುವುದಿಲ್ಲ, ಊರಿನವರಲ್ಲೂ ಅರ್ಧಕ್ಕರ್ಧ ಮಂದಿಗೆ ಗೊತ್ತಿಲ್ಲ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯ ರೈತರ ಮಕ್ಕಳೇ ಹೆಚ್ಚು. ಬಂದವರೇ ಮೊದಲು ಬೀಡಿಂಗ್, ಅಂದರೆ ಫ್ರೇಮಿನ ಪಟ್ಟಿಯ ರೇಟ್ ಕೇಳುತ್ತಾರೆ. ಆಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆ ನನಗೆ ಇಪ್ಪತ್ತೆಂಟು ವರ್ಷದಿಂದ ಪರಿಚಯ.

ಒಂದು ಪ್ರದರ್ಶನ ಮಾಡಬೇಕೆಂದರೆ ಏನೇನು ಬೇಕು ನೋಡಿ. ಹದಿನಾಲ್ಕು ಚಿತ್ರವಿದ್ದರೆ ಹದಿನಾಲ್ಕು ಫ್ರೇಮು, ಮೂರು ದಿನದ ಹಾಲ್ ಬಾಡಿಗೆ, ಒಂದು ಫ್ಲೆಕ್ಸು, ಆಮಂತ್ರಣ ಪತ್ರಿಕೆ, ಉದ್ಘಾಟನೆಗೆ ಬರುವವರಿಗೆ ಹಾರ, ಚಹಾ, ಖಾರ ಮಂಡಕ್ಕಿ. ಬಂದವರೆಲ್ಲ ನೋಡುತ್ತಾರೆ, ಅಭಿಪ್ರಾಯ ಪುಸ್ತಕದಲ್ಲಿ ‘ಅದ್ಭುತ’, ‘ಉಜ್ವಲ ಭವಿಷ್ಯವಿದೆ’ ಅಂತ ಬರೆಯುತ್ತಾರೆ. ಮೂರನೇ ದಿನ ಸಂಜೆ ಆಟೊದಲ್ಲಿ ಹದಿನಾಲ್ಕೂ ಫ್ರೇಮು ನನ್ನ ಅಂಗಡಿ ಮುಂದೆ ಬಂದು ನಿಲ್ಲುತ್ತವೆ. ‘ಯಜಮಾನ್ರೇ, ರೂಮಲ್ಲಿ ಇಡಾಕೆ ಜಾಗ ಇಲ್ಲ. ನಿಮ್ಮ ಹತ್ರಾನೇ ಇರ್ಲಿ, ದುಡ್ಡು ಹೊಂದಿಸ್ಕೊಂಡು ಬರ್ತೀನಿ.’ ಕೆಲವರು ನಿಜಕ್ಕೂ ಬರುತ್ತಾರೆ. ಕೆಲವರು ಬೆಂಗಳೂರಿಗೆ ಹೋಗಿ ಫ್ಲೆಕ್ಸ್ ಡಿಸೈನ್ ಕೆಲಸಕ್ಕೆ ಸೇರಿಬಿಡುತ್ತಾರೆ. ಹಾಗೆ ಉಳಿದುಕೊಂಡವು ಈಗ ನನ್ನ ಅಟ್ಟದ ಮೇಲೆ 23 ಇವೆ. ಮೊನ್ನೆ ಎಣಿಸಿದೆ.

ಅವುಗಳಲ್ಲೊಂದು ಮಂಡಕ್ಕಿ ಭಟ್ಟಿಯ ಚಿತ್ರ. ಅದರ ಕತೆ ಸ್ವಲ್ಪ ಹೇಳಲೇಬೇಕು. ಹರಪನಹಳ್ಳಿ ಕಡೆಯ ಹುಡುಗ, ಮೊದಲು ಒಂದು ಚಿತ್ರ ಬರೆದು ತಂದ. ಕಪ್ಪು ಹೊಗೆ, ಅದರ ಮಧ್ಯೆ ಬೆಳ್ಳಗೆ ಚಿಮ್ಮುವ ಮಂಡಕ್ಕಿ, ಒಲೆಗೆ ಮುಖ ಒಡ್ಡಿ ಕೂತ ಒಬ್ಬ ಹೆಂಗಸು. ಚೆನ್ನಾಗಿತ್ತು. ಫ್ರೇಮ್ ಹಾಕಿ ಅಂಗಡಿಯ ಎದುರು ಗೋಡೆಗೆ ನೇತುಹಾಕಿದ್ದೆ, ಅವನು ಒಯ್ಯುವ ತನಕ ಇರಲಿ ಅಂತ. ಭಟ್ಟಿ ಕೆಲಸದವರೊಬ್ಬರು ದರ್ಗಾದ ಪಟಕ್ಕೆ ಗಾಜು ಹಾಕಿಸಲು ಬಂದರು. ಪಟ ಕೊಟ್ಟವರು ಹೋಗಲೇ ಇಲ್ಲ, ಆ ಚಿತ್ರದ ಮುಂದೆ ನಿಂತುಬಿಟ್ಟರು. ‘ಇದು ನಮ್ಮ ಭಟ್ಟಿ ಅಲ್ವೇನ್ರೀ?’ ಅಂದರು. ಹೌದು ಅಂದೆ. ಇನ್ನೂ ಸ್ವಲ್ಪ ಹೊತ್ತು ನೋಡಿ, ‘ಆದ್ರೆ ಮರಳು ಕಾದ ಮೇಲೆ ಯಾರೂ ಹಿಂಗ ಮುಖ ಕೊಟ್ಟು ಕೂರಲ್ಲ ಸಾಹೇಬ್ರೆ. ಓರೆ ನಿಂತ್ಕೋತಾರೆ. ಇವಳ ಮುಖ ಸುಟ್ಟು ಹೋಗ್ತದೆ’ ಅಂದರು.

ಹುಡುಗ ಬಂದಾಗ ಇದನ್ನೇ ಹೇಳಿದೆ. ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಒಂದು ವಾರ ಬೆಳಗಿನ ಜಾವ ಭಟ್ಟಿಗೇ ಹೋಗಿ ಕೂತ. ಎರಡನೇ ಚಿತ್ರದಲ್ಲಿ ಹೆಂಗಸು ಓರೆಯಾಗಿ ನಿಂತಿದ್ದಾಳೆ, ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಾಳೆ, ಅವಳ ಎಡಗಡೆ ಕೆನ್ನೆಗೆ ಮಾತ್ರ ಬೆಂಕಿಯ ಬಣ್ಣ ತಾಗಿದೆ. ಹೊಗೆ ಮೊದಲಿನ ಹಾಗೆ ಅಲಂಕಾರಕ್ಕೆ ಸುತ್ತಿಕೊಂಡಿಲ್ಲ, ತಗಡಿನ ಸಂದಿಯಿಂದ ಹೇಗೆ ನುಗ್ಗುತ್ತದೋ ಹಾಗೇ ಇದೆ. ಅಟ್ಟದ ಮೇಲಿರುವುದು ಈ ಎರಡನೆಯದು. ಪ್ರದರ್ಶನದಿಂದ ಕಲಾವಿದನಿಗೆ ಏನು ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅಭಿಪ್ರಾಯ ಪುಸ್ತಕದ ‘ಅದ್ಭುತ’ಕ್ಕಿಂತ ಭಟ್ಟಿಯವರ ಆ ಒಂದು ಮಾತು ಅವನಿಗೆ ಹೆಚ್ಚು ಕಲಿಸಿತು. ಆದರೆ ಆ ಮಾತು ಸಿಗಬೇಕಾದರೆ ಚಿತ್ರ ಭಟ್ಟಿಯವರು ಓಡಾಡುವ ಕಡೆ ಇರಬೇಕು. ಕಾಲೇಜಿನ ಗೋಡೆಗೆ ಹಾಕಿದರೆ ಮೇಷ್ಟ್ರು ನೋಡುತ್ತಾರೆ, ಸಹಪಾಠಿಗಳು ನೋಡುತ್ತಾರೆ, ಅಷ್ಟೇ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ಸರ್ಕಾರಿ ಕಚೇರಿಗಳಲ್ಲಿ ಚಿತ್ರಕ್ಕೆ ದುಡ್ಡಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಯಾಕೆಂದರೆ ಆ ದುಡ್ಡನ್ನು ತೆಗೆದುಕೊಂಡವನೇ ನಾನು. ಕೆಲ ವರ್ಷಗಳ ಹಿಂದೆ ಒಂದು ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ನನಗೆ ದೊಡ್ಡ ಆರ್ಡರ್ ಬಂತು. ಓಡುವ ಏಳು ಬಿಳಿ ಕುದುರೆ, ಹಿಮದ ಬೆಟ್ಟ, ಜಲಪಾತ. ಎಲ್ಲ ಅಚ್ಚಾದ ಪೋಸ್ಟರ್‌ಗಳು. ದೊಡ್ಡ ಸಾಹೇಬರ ಕೋಣೆಗೆ ಕುದುರೆ, ಉಳಿದವರಿಗೆ ಅವರವರ ದರ್ಜೆಗೆ ತಕ್ಕ ಹಾಗೆ ಜಲಪಾತ. ಬಂಗಾರದ ಬಣ್ಣದ ಮೂರಿಂಚಿನ ಸಿಂಥೆಟಿಕ್ ಬೀಡಿಂಗ್. ಬಿಲ್ ಪಾಸಾಗಲು ನಾಲ್ಕು ತಿಂಗಳು ಹಿಡಿಯಿತು, ಆದರೆ ಪಾಸಾಯಿತು. ಆ ಬಿಲ್ಲಿನ ಮೊತ್ತದಲ್ಲಿ ನನ್ನ ಅಟ್ಟದ ಮೇಲಿನ ಆರೇಳು ಚಿತ್ರಗಳನ್ನು ಕೊಳ್ಳಬಹುದಿತ್ತು. ಅಲ್ಲಿದ್ದ ಒಬ್ಬರಿಗೆ ಈ ಮಾತು ಹೇಳಿಯೂ ನೋಡಿದೆ. ಒಳ್ಳೆಯ ಮನುಷ್ಯ, ಆಸಕ್ತಿಯಿಂದ ಕೇಳಿಸಿಕೊಂಡರು. ‘ಮಾಡಬಹುದಿತ್ತು. ಆದರೆ ಖರೀದಿಗೆ ಮೂರು ಕೊಟೇಷನ್ ಬೇಕಲ್ಲ’ ಅಂದರು. ಒಂದೇ ಇರುವ ಚಿತ್ರಕ್ಕೆ ಮೂರು ಕೊಟೇಷನ್ ಎಲ್ಲಿಂದ ತರಲಿ? ಕುದುರೆಗಾದರೆ ಮೂರಲ್ಲ, ಮೂವತ್ತು ಸಿಗುತ್ತವೆ.

ಇದಕ್ಕೆ ದಾರಿ ಇಲ್ಲವೇ ಅಂದರೆ, ಇದೆ. ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಹೋಮಿ ಭಾಭಾ ಅವರು ಸಂಸ್ಥೆಯ ಬಜೆಟ್ಟಿನ ಶೇ 1ರಷ್ಟನ್ನು ಚಿತ್ರ, ಶಿಲ್ಪ ಕೊಳ್ಳಲು ಇಟ್ಟರು. ಚಿತ್ರಕಾರರಾದ ಹುಸೇನ್, ಗಾಯ್ತೊಂಡೆ ಇವರೆಲ್ಲ ಇನ್ನೂ ದೊಡ್ಡ ಹೆಸರಾಗಿರದ ಕಾಲ ಅದು. ಅಣುವಿಜ್ಞಾನದ ಕಟ್ಟಡಕ್ಕೆ ಚಿತ್ರ ಯಾಕೆ ಅಂತ ಅಲ್ಲಿಯೂ ಯಾರಾದರೂ ಕೇಳಿರಲೇಬೇಕು. ಭಾಭಾ ಹೆಸರಿನ ಅಣು ಸಂಶೋಧನಾ ಕೇಂದ್ರಕ್ಕೆ ಈಗ ನಮ್ಮ ಚಳ್ಳಕೆರೆಯ ಕಾವಲಿನಲ್ಲೂ ಜಾಗ ಕೊಟ್ಟಿದ್ದಾರೆ. ಅವರ ಆ ಒಂದು ಪರ್ಸೆಂಟಿನ ಬುದ್ಧಿಯೂ ಜತೆಗೆ ಬಂದರೆ ಚೆನ್ನ. ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ನಿಂತಿರುವ ಯಕ್ಷ, ಯಕ್ಷಿಯರು ಕೂಡ ಹೀಗೇ ಬಂದವರು. ಸಾರ್ವಜನಿಕ ಕಟ್ಟಡ ಕಟ್ಟುವಾಗ ಕಲಾವಿದರಿಗೂ ಕೆಲಸ ಕೊಡಿ ಅಂತ ನೆಹರೂ ಹೇಳಿದ್ದರ ಫಲವಾಗಿ ರಾಮಕಿಂಕರ್ ಬೈಜ್ ಅವುಗಳನ್ನು ಕಡೆದರು.

ಇಂಗ್ಲೆಂಡಿನಲ್ಲಿ ಇನ್ನೊಂದು ಕ್ರಮ ಇದೆಯಂತೆ, ನನ್ನ ಅಳಿಯ ಮೊಬೈಲಿನಲ್ಲಿ ತೋರಿಸಿದ. ಅಲ್ಲಿನ ಆರ್ಟ್ಸ್ ಕೌನ್ಸಿಲ್ 1946ರಿಂದ ಬದುಕಿರುವ ಕಲಾವಿದರ ಕೃತಿಗಳನ್ನು ಕೊಳ್ಳುತ್ತಾ ಬಂದಿದೆ, ಅದರಲ್ಲೂ ಇನ್ನೂ ಹೆಸರು ಮಾಡದವರದನ್ನು. ಇದಕ್ಕೆ ಅಂತ ದೊಡ್ಡ ಕಾಯಂ ಮ್ಯೂಸಿಯಂ ಕಟ್ಟಿಲ್ಲ. ಕೊಂಡ ಚಿತ್ರಗಳನ್ನು ಊರೂರಿನ ಗ್ಯಾಲರಿ, ಶಾಲೆ, ಆಸ್ಪತ್ರೆ, ಗ್ರಂಥಾಲಯಗಳಿಗೆ ಎರವಲು ಕೊಡುತ್ತಾರೆ. ಏನು ಕೊಳ್ಳಬೇಕು ಅಂತ ಆರಿಸುವವರೂ ಆಗಾಗ ಬದಲಾಗುತ್ತಾರೆ. ನನಗೆ ಹಿಡಿಸಿದ್ದು ಈ ಎರವಲಿನ ಮಾತು. ಕೋಟಿಗಟ್ಟಲೆ ಸುರಿದು ಕಲಾಭವನ ಕಟ್ಟಿ ಬೀಗ ಹಾಕುವ ಬದಲು ಇರುವ ಗೋಡೆಗಳನ್ನೇ ಬಳಸಬಹುದಲ್ಲ.

ಬೆಂಗಳೂರಲ್ಲಿ ಎಲ್ಲ ಇದೆಯಲ್ಲ ಅನ್ನುವವರಿದ್ದಾರೆ. ಇದೆ. ವೆಂಕಟಪ್ಪ ಚಿತ್ರಶಾಲೆ ಇದೆ, ಅದನ್ನು ಖಾಸಗಿಯವರ ಕೈಗೆ ಕೊಡುತ್ತಾರೆ ಅಂದಾಗ 2016ರಲ್ಲಿ ಕಲಾವಿದರು ಬೀದಿಗೆ ಬಂದು ಕೂತಿದ್ದರು. ಲಲಿತಕಲಾ ಅಕಾಡೆಮಿ ಇದೆ, ವಾರ್ಷಿಕ ಪ್ರದರ್ಶನ ನಡೆಸುತ್ತದೆ, ಬಹುಮಾನ ಕೊಡುತ್ತದೆ. 2003ರಿಂದ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆ. ಒಂದು ಸಲ ಆ ಸಂತೆಗೆ ನಾನೂ ಈ ಹುಡುಗರ ಜತೆ ಹೋಗಿದ್ದೆ. ರಾತ್ರಿ ರೈಲು, ಕ್ಯಾನ್ವಾಸಿನ ಕಟ್ಟು ಬರ್ತ್ ಮೇಲೆ, ನಾವು ಕೆಳಗೆ. ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನೋಡಿ ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಸಂತೆ, ಒಂದು ದಿನದ್ದು. ಬುದ್ಧನ ಮುಖ, ಗಣಪ, ಎತ್ತಿನ ಗಾಡಿ ಬೇಗ ಹೋಗುತ್ತವೆ. ಮಂಡಕ್ಕಿ ಭಟ್ಟಿಯನ್ನು ಬೆಂಗಳೂರಿನವರು ಯಾವ ಸೋಫಾದ ಮೇಲೆ ಹಾಕಿಕೊಳ್ಳಬೇಕು? ಅದನ್ನು ಕೊಳ್ಳಬೇಕಾದವರು ನಾವು.

ಇನ್ನೊಂದು ಸೂಕ್ಷ್ಮ ನನಗೆ ತಡವಾಗಿ ತಿಳಿಯಿತು. ಕಲಾವಿದರು ಪ್ರದರ್ಶನಕ್ಕೆ ಸಣ್ಣ ಪುಸ್ತಿಕೆ ಅಚ್ಚು ಹಾಕಿಸುತ್ತಾರೆ. ಹುಟ್ಟಿದ ಊರು, ಓದು, ಪ್ರದರ್ಶನಗಳು, ಪ್ರಶಸ್ತಿ. ಕೊನೆಗೆ ‘ಸಂಗ್ರಹ’ ಅಂತ ಒಂದು ಸಾಲು, ಅಂದರೆ ಇವರ ಚಿತ್ರ ಯಾರ ಬಳಿ ಇದೆ ಅಂತ. ದೊಡ್ಡ ಗ್ಯಾಲರಿಯವರು, ವಿದ್ಯಾರ್ಥಿವೇತನ ಕೊಡುವವರು ಮೊದಲು ನೋಡುವುದು ಆ ಸಾಲನ್ನಂತೆ. ನಮ್ಮ ಹುಡುಗರ ಪುಸ್ತಿಕೆಯಲ್ಲಿ ಆ ಸಾಲಿನ ಮುಂದೆ ‘ಗೆಳೆಯರು ಮತ್ತು ಹಿತೈಷಿಗಳು’ ಅಂತ ಇರುತ್ತದೆ. ಹಿತೈಷಿ ಅಂದರೆ ಬಹುಶಃ ನಾನೇ. ಅಲ್ಲಿ ಜಿಲ್ಲಾ ಗ್ರಂಥಾಲಯ, ಜಿಲ್ಲಾ ಪಂಚಾಯಿತಿ ಅಂತ ಒಂದು ಹೆಸರು ಬಂದರೆ ಅದು ಶಾಲು, ಹಾರ, ನೆನಪಿನ ಕಾಣಿಕೆಗಿಂತ ಹೆಚ್ಚು ತೂಗುತ್ತದೆ. ಶಾಲನ್ನು ಯಾವ ಪುಸ್ತಿಕೆಯಲ್ಲೂ ಬರೆಯಲಾಗುವುದಿಲ್ಲ.

ಶಿಬಿರಗಳಲ್ಲಿ ಬರೆದ ಚಿತ್ರ ಸರ್ಕಾರಕ್ಕೇ ಸೇರುತ್ತದಲ್ಲ, ಅದು ಸಂಗ್ರಹ ಅಲ್ಲವೇ ಅಂತ ಕೇಳಬಹುದು. ಅಂಥ ಒಂದು ಶಿಬಿರದ 18 ಚಿತ್ರಗಳಿಗೆ ನಾನೇ ಫ್ರೇಮ್ ಹಾಕಿಕೊಟ್ಟಿದ್ದೆ. ಎರಡು ಮಳೆಗಾಲದ ನಂತರ ಬೇರೆ ಕೆಲಸಕ್ಕೆ ಆ ಚಿತ್ರಗಳಿದ್ದ ಕಚೇರಿಗೆ ಹೋದಾಗ ನೋಡಿದರೆ ಬೀರುವಿನ ಹಿಂದೆ, ಗೋಡೆಗೆ ಒರಗಿಸಿ, ಒಂದರ ಮೇಲೊಂದು. ಜಲವರ್ಣಗಳಿಗೆ ಮೌಂಟ್ ಬೋರ್ಡ್ ಹಾಕೋಣ, ಗಾಜಿಗೂ ಕಾಗದಕ್ಕೂ ನಡುವೆ ಸಂದು ಇರಬೇಕು ಅಂತ ಬೇಡಿಕೊಂಡಿದ್ದೆ. ಖರ್ಚು ಉಳಿಸಲು ಬೇಡ ಅಂದಿದ್ದರು. ಥಂಡಿಗೆ ಕಾಗದ ಗಾಜಿಗೇ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಬಣ್ಣ ಗಾಜಿನ ಜತೆ ಬರುತ್ತದೆ. ಹಿಂದೆ ಹಾಕಿದ್ದ ಹಾರ್ಡ್‌ಬೋರ್ಡಿಗೆ ಗೆದ್ದಲು. ಯಾವ ಚಿತ್ರ ಯಾರದ್ದು ಅಂತ ಎಲ್ಲಿಯೂ ಬರೆದಿರಲಿಲ್ಲ. ಮೇಜು ಕುರ್ಚಿಗಾದರೂ ಬಿಳಿ ಪೇಂಟಿನಲ್ಲಿ ನಂಬರ್ ಹಾಕಿರುತ್ತಾರೆ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಈಗಲೂ ಎರಡೂ ಜಿಲ್ಲೆಯ ಮಕ್ಕಳು ಒಂದೇ ಕಾಲೇಜಿಗೆ ಬರುತ್ತಾರೆ. ಎರಡೂ ಕಡೆ ಸೇರಿ ವರ್ಷಕ್ಕೆ ಹತ್ತು ಚಿತ್ರ ಕೊಳ್ಳಲಿ. ದಾನ ಪಡೆಯುವುದಲ್ಲ, ದುಡ್ಡು ಕೊಟ್ಟು, ರಸೀದಿ ಪಡೆದು. ಆರಿಸುವವರಲ್ಲಿ ಒಬ್ಬ ಕಲಾವಿದ ಹೊರ ಜಿಲ್ಲೆಯವರಿರಲಿ, ಪ್ರತಿ ವರ್ಷ ಬದಲಾಗಲಿ, ಇಲ್ಲದಿದ್ದರೆ ಯಾರ ಯಾರ ತಮ್ಮಂದಿರು ಆಯ್ಕೆಯಾಗುತ್ತಾರೆ ಅಂತ ನನಗೆ ಈಗಲೇ ಗೊತ್ತು. ದಾಸ್ತಾನು ಪುಸ್ತಕದಲ್ಲಿ ಮೇಜು ಕುರ್ಚಿಯ ಹಾಗೆ ನಂಬರ್ ಹಾಕಿ ಬರೆಯಲಿ. ಜಿಲ್ಲಾ ಆಸ್ಪತ್ರೆಯ ಹೊರರೋಗಿಗಳ ಸಾಲಿನ ಎದುರು, ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದಲ್ಲಿ ಆರಾರು ತಿಂಗಳು ತೂಗುಹಾಕಲಿ. ಕೆಳಗೆ ಕನ್ನಡದಲ್ಲಿ ಹೆಸರು, ಊರು. ಊರಿನ ಹೆಸರು ಮುಖ್ಯ. ಹಿರಿಯೂರು ತಾಲೂಕು ಹರ್ತಿಕೋಟೆಯವರಾದ ಪಿ.ಆರ್. ತಿಪ್ಪೇಸ್ವಾಮಿ ಅಂಥ ದೊಡ್ಡ ಕಲಾವಿದರ ಜಲವರ್ಣವೊಂದನ್ನು ನಾನು ಮೊದಲ ಸಲ ನೋಡಿದ್ದು ಮೈಸೂರಿನಲ್ಲಿ. ನಮ್ಮ ಸೀಮೆಯವರು ಅಂತ ತಿಳಿದದ್ದೂ ಅಲ್ಲಿಯೇ, ನಾಚಿಕೆಯಾಯಿತು.

ಇದರಲ್ಲಿ ನನ್ನ ಲಾಭವೂ ಇದೆ. ಹತ್ತು ಚಿತ್ರಕ್ಕೆ ಹತ್ತು ಫ್ರೇಮ್ ಬೇಕಲ್ಲ. ಅದನ್ನು ಮುಚ್ಚಿಡುವುದಿಲ್ಲ. ಅನುಮಾನ ಬಂದರೆ ಫ್ರೇಮಿಗೆ ಬೇಕಾದರೆ ಮೂರು ಕೊಟೇಷನ್ ಕರೆಯಲಿ, ನನಗೆ ಬೇಸರವಿಲ್ಲ.

ಅಲ್ಲಿಯ ತನಕ ಯಾವುದಾದರೂ ಕಚೇರಿ, ಆಸ್ಪತ್ರೆ, ಶಾಲೆಯವರು ಒಂದು ಒಣ ಗೋಡೆ ಕೊಟ್ಟರೆ, ಬರೆದ ಮಕ್ಕಳ ಒಪ್ಪಿಗೆ ಕೇಳಿ ಈ 23 ಚಿತ್ರಗಳನ್ನು ನಾನೇ ತಂದು ಹಾಕಿಕೊಡುತ್ತೇನೆ. ಮೊಳೆ, ಕೊಂಡಿ, ಏಣಿ ಎಲ್ಲ ನನ್ನವೇ. ಯಾರಾದರೂ ಕೊಂಡರೆ ದುಡ್ಡು ಆ ಮಕ್ಕಳಿಗೆ ಹೋಗಲಿ, ನನ್ನ ಬಾಕಿಯನ್ನು ಅವರ ಹತ್ತಿರ ನಾನು ನೋಡಿಕೊಳ್ಳುತ್ತೇನೆ. ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು. ಅಟ್ಟದ ಮೇಲೆ ಎರಡು ಹೆಂಚು ಒಡೆದಿವೆ, ಭಟ್ಟಿಯ ಚಿತ್ರ ಸರಿಯಾಗಿ ಅದರ ಕೆಳಗಿದೆ.

ಇತಿ,
ಹಳೇ ಪೇಟೆಯ ಫ್ರೇಮ್ ಅಂಗಡಿಯವ
ದಾವಣಗೆರೆ