ಇಡ್ಲಿ ತಟ್ಟೆಗೆ ಮತ್ತೆ ಬಟ್ಟೆ ಹಾಕಿ

ಗೆ,
ಮಾಲೀಕರು,
ತಿಂಡಿ ಮತ್ತು ಊಟದ ಹೋಟೆಲ್,
ನೆಹರೂ ರಸ್ತೆ ಹತ್ತಿರ, ಶಿವಮೊಗ್ಗ

ವಿಷಯ: ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯಿಸುತ್ತಿರುವ ಬಗ್ಗೆ ದೂರು

ಮಾನ್ಯರೇ,

ಅಣ್ಣ, ನೀವು ನನ್ನನ್ನು ದಿನಾ ನೋಡುತ್ತೀರಿ. ಇದನ್ನು ಬಾಯಲ್ಲೇ ಹೇಳಬಹುದಿತ್ತು. ಎರಡು ಸಲ ಹೇಳಿದ್ದೂ ಆಯಿತು. ಬೆಳಗ್ಗೆ ಎಂಟು ಗಂಟೆಯ ರಶ್ಶಿನಲ್ಲಿ ನಿಮಗೆ ಕೇಳಿಸಿಕೊಳ್ಳಲು ಪುರುಸೊತ್ತು ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗಾಂಧಿ ಬಜಾರ್‌ನಲ್ಲಿ ಬಟ್ಟೆ ಹೊಲಿಯುವವಳು. ಗಾಜನೂರಿನಿಂದ ಬಸ್ಸಿಗೆ ಬರುತ್ತೇನೆ. ಅಂಗಡಿ ಬಾಗಿಲು ತೆಗೆಯುವ ಮುಂಚೆ ನಿಮ್ಮಲ್ಲಿ ಎರಡು ಇಡ್ಲಿ, ಒಂದು ವಡೆ, ಕಾಫಿ. ಹನ್ನೊಂದು ವರ್ಷದಿಂದ ಹೀಗೇ. ಮಧ್ಯಾಹ್ನ ಡಬ್ಬಿ ತರದ ದಿನ ಊಟವೂ ನಿಮ್ಮಲ್ಲೇ. ಅತ್ತಿಗೆ ಮಾಡುವ ಹಾಗಲಕಾಯಿ ಗೊಜ್ಜು ಇದ್ದ ದಿನವಂತೂ ಇನ್ನೊಂದು ತುತ್ತು ಜಾಸ್ತಿ. ನಿಮ್ಮ ಬೆಂಚು ಹಳೇದು, ಫ್ಯಾನು ಸದ್ದು ಮಾಡುತ್ತದೆ, ಮಳೆ ಜೋರಾದರೆ ಬಾಗಿಲ ಹತ್ತಿರ ಕೂತವರ ಬೆನ್ನು ಒದ್ದೆಯಾಗುತ್ತದೆ. ಅದ್ಯಾವುದೂ ನನಗೆ ದೂರಲ್ಲ. ಕಡಿಮೆ ದುಡ್ಡಿಗೆ ಬಿಸಿಬಿಸಿ ತಿಂಡಿ ಸಿಗುತ್ತದೆ, ಒಬ್ಬಳೇ ಹೆಂಗಸು ಬಂದು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ನನಗೆ ಬೇಕಾಗಿದ್ದು ಅಷ್ಟೇ.

ಹೋದ ಮಂಗಳವಾರ ಸಂಜೆ ಅಮ್ಮನಿಗೆ ಅಂತ ನಾಲ್ಕು ಇಡ್ಲಿ ಪಾರ್ಸಲ್ ತಗೊಂಡೆ. ಅಮ್ಮನಿಗೆ ಹಲ್ಲಿಲ್ಲ, ರಾತ್ರಿ ಮೆತ್ತಗಿನದ್ದೇ ಆಗಬೇಕು. ಎರಡನೇ ಇಡ್ಲಿ ತಿನ್ನುವಾಗ ಅವರು ಬಾಯಿಗೆ ಬೆರಳು ಹಾಕಿ ಏನೋ ತೆಗೆದರು. ಈರುಳ್ಳಿ ಸಿಪ್ಪೆ ಇರಬೇಕು ಅಂದುಕೊಂಡರಂತೆ. ತೊಳೆದು ನೋಡಿದರೆ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಚೂರು. ಅವರಿಗೆ ಎಪ್ಪತ್ತೆಂಟು ವರ್ಷ. ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಕೈ ತೊಳೆಯುವ ಜಾಗದಿಂದ ಅಡುಗೆಮನೆ ಒಳಗೆ ನೋಡಿದೆ. ಇಡ್ಲಿ ತಟ್ಟೆಯ ಮೇಲೆ ಬಟ್ಟೆ ಇರಲಿಲ್ಲ. ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೇ ಹಿಟ್ಟು ಹೊಯ್ಯುತ್ತಿದ್ದರು. ನಿಮ್ಮನ್ನು ಕೇಳಿದಾಗ, "ಮಳೆಗಾಲ ಅಲ್ವಾ ಅಕ್ಕ, ಬಟ್ಟೆ ಒಣಗಲ್ಲ, ವಾಸನೆ ಬರುತ್ತೆ" ಅಂದಿರಿ. ಪಾರ್ಸಲ್ ದುಡ್ಡು ವಾಪಸ್ ಕೊಡಲು ಬಂದಿರಿ. ನಾನು ತಗೊಳ್ಳಲಿಲ್ಲ. ನಾನು ಕೇಳಿದ್ದು ದುಡ್ಡಲ್ಲ ಅಣ್ಣ.

ಒಣಗುವುದಿಲ್ಲ ಅನ್ನುವ ಮಾತು ಸುಳ್ಳಲ್ಲ. ಆಷಾಢದಲ್ಲಿ ನಮ್ಮ ಮನೆಯ ಬಟ್ಟೆಯೂ ಬಚ್ಚಲೊಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಆದರೆ ಇಡ್ಲಿ ಬಟ್ಟೆಯನ್ನು ಹೇಗೂ ಒದ್ದೆ ಮಾಡಿಯೇ ತಟ್ಟೆಗೆ ಹಾಸುವುದು. ವಾಸನೆ ಬರುವುದು ಹಿಟ್ಟಿನ ಜಿಗುಟು ಉಳಿದರೆ. ವ್ಯಾಪಾರ ಮುಗಿದ ಮೇಲೆ ಚೆನ್ನಾಗಿ ಉಜ್ಜಿ ತೊಳೆದು, ಕುದಿಯುವ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಒಲೆಯ ಹತ್ತಿರ ಹರವಿದರೆ ಸಾಕು. ಎರಡು ಜೊತೆ ಇದ್ದರೆ ಒಂದಿಲ್ಲದಿದ್ದರೆ ಇನ್ನೊಂದು. ಅದೂ ಕಷ್ಟವಾದರೆ ತಟ್ಟೆಯ ಕುಳಿಗೆ ಸ್ವಲ್ಪ ಎಣ್ಣೆ ಸವರಿ ಹಿಟ್ಟು ಹಾಕಿ. ಬಾಳೆ ಎಲೆಯನ್ನು ಬೆಂಕಿಗೆ ಬಾಡಿಸಿ ಹಾಸಿ. ಎಲೆಯಲ್ಲಿ ಹಿಟ್ಟು ಕಟ್ಟಿ ಕಡುಬು ಬೇಯಿಸುವ ಊರಿನವರು ನಾವು. ಅದಕ್ಕೆ ಪ್ಲಾಸ್ಟಿಕ್ ಯಾವತ್ತೂ ಬೇಕಾಗಿರಲಿಲ್ಲ.

ಚೂರು ಬಾಯಿಗೆ ಸಿಕ್ಕಿದ್ದು ಒಂದೇ ದಿನ ಇರಬಹುದು. ಆದರೆ ಹಬೆಯ ಬಿಸಿಗೆ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕ ಹಿಟ್ಟಿಗೆ ಇಳಿಯಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಹೋಟೆಲ್‌ಗಳ ಇಡ್ಲಿ ಪರೀಕ್ಷೆ ಮಾಡಿಸಿದಾಗ ಹಲವು ಕಡೆ ಇದೇ ಹಾಳೆ ಸಿಕ್ಕಿತ್ತು. ಇದರಿಂದ ಕ್ಯಾನ್ಸರ್ ಬರುವ ಅಪಾಯವಿದೆ, ಬಳಸಬೇಡಿ ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದ್ದರು. ಪೇಪರಿನಲ್ಲೂ ಬಂದಿತ್ತು. ನಿಮ್ಮ ಹೋಟೆಲಿಗೆ ಬರುವವರು ಯಾರು ನೋಡಿ. ಆಟೋದವರು, ಹಾಸ್ಟೆಲ್ ಹುಡುಗರು, ಹಳ್ಳಿಯಿಂದ ಆಸ್ಪತ್ರೆಗೆ ಬಂದವರು. ದಿನಾ ಇಲ್ಲೇ ತಿನ್ನುವವರಿಗೆ ಇದು ದಿನಾ ಹೊಟ್ಟೆಗೆ ಹೋಗುತ್ತದೆ.

ಪಾರ್ಸಲ್ ವಿಷಯವೂ ಹೇಳಿಬಿಡುತ್ತೇನೆ. ಕುದಿಯುವ ಸಾಂಬಾರನ್ನು ತೆಳ್ಳಗಿನ ಕವರಿಗೆ ಹಾಕಿ ಕಟ್ಟಿಕೊಡುತ್ತೀರಿ. ನಾನು ಊರು ಮುಟ್ಟುವ ಹೊತ್ತಿಗೆ ಆ ಕವರು ಮೆತ್ತಗಾಗಿರುತ್ತದೆ. ಇಂಥ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಎಲ್ಲವನ್ನೂ ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ನಿಷೇಧ ಮಾಡಿದ್ದಾರೆ. ಪಾರ್ಸಲ್ ಬೇಕಾದವರು ಪಾತ್ರೆ ತನ್ನಿ ಅಂತ ಒಂದು ಬೋರ್ಡ್ ಹಾಕಿ. ತರದವರಿಗೆ ಇಡ್ಲಿಯನ್ನು ಬಾಳೆ ಎಲೆಯಲ್ಲಿ ಕಟ್ಟಿ, ಚಿತ್ರಾನ್ನಕ್ಕೆ ಅಡಿಕೆ ಹಾಳೆ ತಟ್ಟೆ ಕೊಡಿ. ಸುತ್ತ ಅಡಿಕೆ ತೋಟ ಇರುವ ಊರಲ್ಲಿ ಹಾಳೆ ತಟ್ಟೆಗೆ ಬರ ಇಲ್ಲ. ಎರಡು ರೂಪಾಯಿ ಜಾಸ್ತಿ ಆದರೆ ಕೊಡುತ್ತೇವೆ. ನಾನು ಕೊಡುತ್ತೇನೆ, ಕೇಳಿ ನೋಡಿ, ಬೇರೆಯವರೂ ಕೊಡುತ್ತಾರೆ.

ಈ ತಿಂಗಳು ಮುಗಿಯುವುದರೊಳಗೆ ಆ ಪ್ಲಾಸ್ಟಿಕ್ ಹಾಳೆಗಳು ಅಡುಗೆಮನೆಯಿಂದ ಹೊರಗೆ ಹೋಗಬೇಕು. ಹೋಗದಿದ್ದರೆ ಇದೇ ಪತ್ರದ ಪ್ರತಿಯನ್ನು, ಆ ಪ್ಲಾಸ್ಟಿಕ್ ಚೂರನ್ನು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಕೊಡುತ್ತೇನೆ. ಚೂರು ನನ್ನ ಹತ್ತಿರ ಇದೆ. ಹೀಗೆ ಬರೆಯಲು ನನಗೆ ಬೇಜಾರೇ. ಕೊರೊನಾ ಸಮಯದಲ್ಲಿ ನನಗೆ ಹೊಲಿಗೆ ಇಲ್ಲದೆ ಕೈ ಖಾಲಿಯಾದಾಗ ನೀವು ಒಂದು ತಿಂಗಳು ತಿಂಡಿ ದುಡ್ಡು ಕೇಳಿರಲಿಲ್ಲ. ಅದನ್ನು ಮರೆತಿಲ್ಲ. ಆದರೆ ಅಮ್ಮನ ಬಾಯಿಂದ ಬಂದ ಚೂರನ್ನು ನೋಡಿ ಸುಮ್ನೆ ಇರಲು ಆಗುವುದಿಲ್ಲ.

ಬಟ್ಟೆ ತರುವುದಾದರೆ ಒಂದು ಮಾತು. ಅಗ್ಗಕ್ಕೆ ಸಿಗುತ್ತದೆ ಅಂತ ಪಾಲಿಯೆಸ್ಟರ್ ಬೆರೆತದ್ದು ತರಬೇಡಿ, ಅದೂ ಒಂದು ಥರ ಪ್ಲಾಸ್ಟಿಕ್ಕೇ. ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣ ಇಲ್ಲದ ತೆಳ್ಳಗಿನ ಹತ್ತಿ ಬಟ್ಟೆಯೇ ಆಗಬೇಕು, ಗಂಜಿ ಹೋಗುವ ತನಕ ಎರಡು ಮೂರು ಸಲ ಒಗೆಯಬೇಕು.

ಅಥವಾ ಆ ಕೆಲಸ ನನಗೇ ಬಿಡಿ. ಅಂಚು ಮಡಚಿ ಹೊಲಿದು ಎರಡು ಜೊತೆ ತಂದುಕೊಡುತ್ತೇನೆ, ಕೂಲಿ ಬೇಡ. ನಿಮ್ಮ ತಟ್ಟೆಯ ಅಳತೆಯನ್ನು ಚೀಟಿಯಲ್ಲಿ ಬರೆದು ಗಲ್ಲಾದಲ್ಲಿ ಇಟ್ಟಿರಿ. ಸೋಮವಾರ ಬೆಳಗ್ಗೆ ಬಂದು ತಗೊಳ್ಳುತ್ತೇನೆ.

ಇಂತಿ,
ನಿಮ್ಮ ಹಳೇ ಗಿರಾಕಿ,
ಗಾಜನೂರಿನ ಟೈಲರ್