ತಲೆಪೆಟ್ಟು: ಸ್ಕ್ಯಾನ್‌ ಸರಿಯಿದ್ದರೂ ನರಳಾಟ ಏಕೆ?

ಸಂಪಾದಕರೇ,

ಗಂಗಾವತಿ–ಸಿಂಧನೂರು ಕಡೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಸಿ.ಟಿ. ಸ್ಕ್ಯಾನ್‌ ಮಾಡಿ ‘ಏನೂ ಆಗಿಲ್ಲ’ ಎಂದು ಮನೆಗೆ ಕಳಿಸುವುದುಂಟು. ಆದರೆ ಕನ್‌ಕಷನ್‌ (ಪೆಟ್ಟಿನಿಂದ ಮೆದುಳು ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು) ಸಾಮಾನ್ಯವಾಗಿ ಸಿ.ಟಿ.ಯಲ್ಲಿ ಕಾಣುವುದೇ ಇಲ್ಲ. ಹೆಚ್ಚಿನವರು ಎರಡರಿಂದ ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ತಲೆನೋವು, ತಲೆಸುತ್ತು, ಮರೆವು ಹೋಗದಿದ್ದರೆ ಆತಂಕ, ಖಿನ್ನತೆ, ನಿದ್ದೆಗೇಡನ್ನೂ ವಿಚಾರಿಸಬೇಕು. ‘ನಾಟಕ ಮಾಡ್ತಾನ’ ಎನ್ನುವುದು ಅನ್ಯಾಯ. ಆ ನೋವು ನಿಜವಾದದ್ದು. ಮೆದುಳು ಕೆಟ್ಟೇಹೋಯಿತೆಂಬ ಭಯದಲ್ಲಿ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿದರೆ ಮೈಕಸುವು ಕುಗ್ಗುತ್ತದೆ, ಬೆಳಕು–ಸದ್ದು ಇನ್ನಷ್ಟು ಚುಚ್ಚುತ್ತವೆ, ಭಯ ಮತ್ತೆ ಹೆಚ್ಚುತ್ತದೆ.

ವಿಶ್ರಾಂತಿ 24ರಿಂದ 48 ಗಂಟೆ ಸಾಕು. ಬಳಿಕ ನಮ್ಮ ಬಿಸಿಲು ಏರುವ ಮೊದಲೇ 10–15 ನಿಮಿಷ ನಡೆಯಲಿ. ತಲೆನೋವು ತುಸು ಹೆಚ್ಚಿ ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ; ಇಳಿಯದಿದ್ದರೆ ಮರುದಿನ ಕಡಿಮೆ ನಡೆಯಲಿ, ಪೂರ್ತಿ ನಿಲ್ಲಿಸುವುದು ಬೇಡ. ತಿಂಗಳಿಗೆ 15 ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವು ತರಬಹುದು. ಪದೇ ಪದೇ ವಾಂತಿ, ಫಿಟ್ಸ್‌, ಹೆಚ್ಚುತ್ತಿರುವ ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆಗಳು ಇಷ್ಟನ್ನು ಬಿಡುಗಡೆ ಚೀಟಿಯಲ್ಲೇ ಕನ್ನಡದಲ್ಲಿ ಬರೆದುಕೊಡಲಿ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಕೂಡ ಇರಲಿ.

– ಆಪ್ತಸಮಾಲೋಚಕಿ, ಗಂಗಾವತಿ